ಕಂಪ್ಯೂಟರ್ ಕೋಡಿಗೂ ಬೇಕೇ ಓರಣ?



ನಿಮ್ಮ ಶಾಲೆಯಲ್ಲಿ ಮಳೆಮಾಪಕ ಇದೆಯೇ? ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಯ ಐವರು ಮಕ್ಕಳು ಸರದಿಯಂತೆ ದಿನವೂ ಮಳೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಬ್ಬನು '12.4 ಮಿ.ಮೀ.' ಎಂದು ಬರೆದರೆ ಇನ್ನೊಬ್ಬಳು ಬರೀ '12.4' ಎಂದು ಬರೆಯುತ್ತಿದ್ದಳು. ಮತ್ತೊಬ್ಬನಿಗೆ ಕನ್ನಡ ಅಂಕಿಗಳೇ ಇಷ್ಟ, '೧೨.೪' ಎಂದು ಬರೆಯುತ್ತಿದ್ದ. ದಿನಾಂಕ ಒಂದು ಕಡೆ ಎಡಕ್ಕಿದ್ದರೆ ಇನ್ನೊಂದು ಕಡೆ ಬಲಕ್ಕೆ. ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂದಾಗ ಪುಸ್ತಕ ನೋಡಿದ ನಾನು, "ಇದನ್ನೆಲ್ಲ ಒಂದೇ ರೀತಿಯಲ್ಲಿ ಅಂದವಾಗಿ ಬರೆದು ತನ್ನಿ" ಎಂದೆ. ಒಬ್ಬ ಹುಡುಗಿ ಎರಡು ದಿನ ಕುಳಿತು ಪೂರ್ತಿ ಪುಸ್ತಕವನ್ನು ಹೊಸದಾಗಿ ಬರೆದು ತಂದಳು. ನೋಡಲು ಮುತ್ತು ಪೋಣಿಸಿದಂತಿತ್ತು.

ಪ್ರದರ್ಶನದ ದಿನ ಒಬ್ಬ ಶಿಕ್ಷಕರು ಒಂದು ಸಾಲಿನ ಮೇಲೆ ಬೆರಳಿಟ್ಟರು. ಜಿಟಿಜಿಟಿ ಮಳೆ ಬಂದಿದ್ದ ಒಂದು ದಿನಕ್ಕೆ '86 ಮಿ.ಮೀ.' ಎಂದಿತ್ತು! ಅಳೆದವರ ತಪ್ಪೇ, ನಕಲು ಮಾಡಿದವರ ತಪ್ಪೇ? ಅಂದು ಅಳೆದವರು ಯಾರು? ಹಳೆಯ ಪುಸ್ತಕದಲ್ಲಿ ಅಕ್ಷರ ನೋಡಿಯೇ ಹೇಳಬಹುದಿತ್ತು. ಹೊಸದರಲ್ಲಿ ಎಲ್ಲವೂ ಒಬ್ಬಳದೇ ಅಕ್ಷರ. ಪುಣ್ಯಕ್ಕೆ ಹಳೆಯ ಪುಸ್ತಕ ಶಾಲೆಯ ಕಪಾಟಿನಲ್ಲೇ ಇತ್ತು. ತೆಗೆದು ನೋಡಿದರೆ '8.6' ಎಂದಿತ್ತು. ನಕಲು ಮಾಡುವಾಗ ಒಂದು ಚುಕ್ಕೆ ಬಿಟ್ಟುಹೋಗಿತ್ತು. ತಪ್ಪು ಆ ಹುಡುಗಿಯದಲ್ಲ. ನೂರಾರು ಸಾಲನ್ನು ಕೈಯಿಂದ ನಕಲು ಮಾಡಲು ಹೇಳಿ, ತಾಳೆ ನೋಡಲು ಹೇಳದೆ ಬಿಟ್ಟವನು ನಾನು.

ಇದೇ ಸಮಸ್ಯೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರಿಗೂ ಇದೆ. ಅವರು ಅದಕ್ಕೆ ಕಂಡುಕೊಂಡ ಉಪಾಯವನ್ನು ಈಗ ನೋಡೋಣ.

ಕೋಡ್ ಎಂದರೇನು?

ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ. ಏನು ಮಾಡಬೇಕು, ಯಾವುದರ ನಂತರ ಯಾವುದು ಎಂಬುದನ್ನು ಸಾಲುಸಾಲಾಗಿ ಬರೆದು ಕೊಡಬೇಕು. ಹೀಗೆ ಬರೆದ ಆದೇಶಗಳ ಸಾಲುಗಳನ್ನು ಕೋಡ್ ಎನ್ನುತ್ತಾರೆ. ಸಾಮಾನ್ಯವಾಗಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ನಮಗೆ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಬರೆಯೋಣ. ಈ ಮೂರು ಸಾಲುಗಳನ್ನು ನೋಡಿ:

ಅಂಕ=40
ಅಂಕ    =  40
ಅಂಕ = 40

ಮೂರರ ಅರ್ಥವೂ ಒಂದೇ: 'ಅಂಕ' ಎಂಬ ಹೆಸರಿನಲ್ಲಿ 40 ಎಂಬ ಸಂಖ್ಯೆಯನ್ನು ಇಟ್ಟುಕೋ. ಖಾಲಿ ಜಾಗ ಹೆಚ್ಚಾದರೂ ಕಡಿಮೆಯಾದರೂ ಇಲ್ಲಿ ಕಂಪ್ಯೂಟರಿಗೆ ಲೆಕ್ಕವಿಲ್ಲ. ಆದರೆ ಓದುವ ಮನುಷ್ಯರಿಗೆ ಲೆಕ್ಕವಿದೆ. ಒಂದು ದೊಡ್ಡ ತಂತ್ರಾಂಶದಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ಬೇರೆ ಬೇರೆ ಊರು, ಬೇರೆ ಬೇರೆ ದೇಶದವರು ಸೇರಿ ಅದನ್ನು ಬರೆದಿರುತ್ತಾರೆ. ಒಬ್ಬೊಬ್ಬರದು ಒಂದೊಂದು ರೂಢಿಯಾದರೆ ಓದುವವರ ಪಾಡೇನು?

ತೊಂದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಒಬ್ಬರು ಬರೆದ ಬದಲಾವಣೆಯನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಸೇರಿಸುವುದು ಒಳ್ಳೆಯ ತಂಡಗಳ ಪದ್ಧತಿ. ಒಬ್ಬರು ಒಂದು ಸಾಲಿನ ಲೆಕ್ಕ ಬದಲಿಸುವಾಗ, ಜೊತೆಗೆ ಇನ್ನೂರು ಸಾಲುಗಳ ಖಾಲಿ ಜಾಗವನ್ನೂ ತಮಗೆ ಬೇಕಾದಂತೆ ಸರಿಪಡಿಸಿದರು ಎನ್ನಿ. ಪರೀಕ್ಷಿಸುವವರಿಗೆ ಇನ್ನೂರ ಒಂದು ಸಾಲು ಬದಲಾಗಿರುವುದು ಕಾಣುತ್ತದೆ. ನಿಜವಾದ ಬದಲಾವಣೆ ಹುಲ್ಲಿನ ಬಣವೆಯಲ್ಲಿ ಸೂಜಿ ಬಿದ್ದಂತೆ ಅಡಗಿಬಿಡುತ್ತದೆ.

ಕಣ್ಣಿಗೆ ಮೋಸ ಮಾಡಿದ ಒಂದು ಸಾಲು

ಕೋಡಿನಲ್ಲಿ 'ಹೀಗಿದ್ದರೆ ಹೀಗೆ ಮಾಡು' ಎಂಬ ಆದೇಶ ಬಹಳ ಮುಖ್ಯ. 'ಹೀಗಿದ್ದರೆ' ಎಂಬುದರ ಕೆಳಗೆ ಬರುವ ಸಾಲನ್ನು ಸ್ವಲ್ಪ ಬಲಕ್ಕೆ ಸರಿಸಿ ಬರೆಯುತ್ತಾರೆ. ಇದನ್ನು ಒಳಸರಿಸುವುದು ಎನ್ನೋಣ. ಒಳಸರಿದ ಸಾಲು ಮೇಲಿನ ಷರತ್ತಿಗೆ ಸೇರಿದ್ದು ಎಂದು ಓದುವವರು ತಿಳಿಯುತ್ತಾರೆ.

2014ರ ಫೆಬ್ರವರಿಯಲ್ಲಿ ಆಪಲ್ ಕಂಪನಿಯ ಐಫೋನ್ ಮತ್ತು ಮ್ಯಾಕ್ ಕಂಪ್ಯೂಟರುಗಳ ತಂತ್ರಾಂಶದಲ್ಲಿ ಒಂದು ದೊಡ್ಡ ದೋಷ ಬೆಳಕಿಗೆ ಬಂತು. ಫೋನು ಒಂದು ಜಾಲತಾಣಕ್ಕೆ ಸುರಕ್ಷಿತ ಸಂಪರ್ಕ ಮಾಡುವಾಗ, 'ಇದು ನಿಜವಾದ ತಾಣವೇ, ಬೇರೆ ಯಾರಾದರೂ ವೇಷ ಹಾಕಿಕೊಂಡಿದ್ದಾರೆಯೇ' ಎಂದು ಹಲವು ತಪಾಸಣೆ ಮಾಡಬೇಕು. ಆ ಕೋಡಿನ ರೂಪ ಸರಿಸುಮಾರು ಹೀಗಿತ್ತು:

ಮೊದಲ ತಪಾಸಣೆ ತಪ್ಪಾಗಿದ್ದರೆ
    ಕೊನೆಗೆ ಹೋಗು
    ಕೊನೆಗೆ ಹೋಗು
ಮುಂದಿನ ತಪಾಸಣೆ ಮಾಡು

'ಕೊನೆಗೆ ಹೋಗು' ಎಂಬ ಸಾಲು ಎರಡು ಸಲ ಬಂದಿದೆ, ಗಮನಿಸಿದಿರಾ? ಎರಡೂ ಒಳಸರಿದಿರುವುದರಿಂದ ಎರಡೂ ಷರತ್ತಿಗೆ ಸೇರಿದವು ಎಂದು ನಮ್ಮ ಕಣ್ಣು ನಂಬುತ್ತದೆ. ಆದರೆ ಅದನ್ನು ಬರೆದದ್ದು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಆ ಭಾಷೆಯಲ್ಲಿ ಹಲವು ಆದೇಶಗಳನ್ನು ಒಂದೇ ಷರತ್ತಿಗೆ ಸೇರಿಸಬೇಕಾದರೆ ಅವನ್ನು ಪುಷ್ಪಾವರಣದೊಳಗೆ ಇಡಬೇಕು. ಇಡದಿದ್ದರೆ ಮೊದಲ ಆದೇಶ ಮಾತ್ರ ಷರತ್ತಿಗೆ ಸೇರುತ್ತದೆ. ಹಾಗಾಗಿ ಎರಡನೆಯ 'ಕೊನೆಗೆ ಹೋಗು' ಯಾವ ಷರತ್ತೂ ಇಲ್ಲದ ಆದೇಶವಾಯಿತು! ಮೊದಲ ತಪಾಸಣೆ ಸರಿ ಇದ್ದರೂ ಕಂಪ್ಯೂಟರ್ ನೇರವಾಗಿ ಕೊನೆಗೆ ಹಾರಿತು. ಅಲ್ಲಿಯವರೆಗೆ ತಪ್ಪೇನೂ ಕಂಡಿರಲಿಲ್ಲವಾದ್ದರಿಂದ 'ಎಲ್ಲ ಸರಿಯಾಗಿದೆ' ಎಂದು ವರದಿ ಮಾಡಿತು. ಮುಂದಿನ ಮುಖ್ಯ ತಪಾಸಣೆ ನಡೆಯಲೇ ಇಲ್ಲ. ಕಾವಲುಗಾರ ಕುಳಿತಿದ್ದರೂ ಬಾಗಿಲು ತೆರೆದೇ ಇದ್ದಂತಾಯಿತು. ಕಂಪನಿಯು ತಿದ್ದಿದ ತಂತ್ರಾಂಶವನ್ನು ಅದೇ ತಿಂಗಳು ಬಿಡುಗಡೆ ಮಾಡಿತು.

ಅರ್ಥಕ್ಕೆ ಸರಿಯಾಗಿ ಓರಣ ಮಾಡಿದ್ದರೆ ಆ ಕೋಡ್ ಹೀಗೆ ಕಾಣುತ್ತಿತ್ತು:

ಮೊದಲ ತಪಾಸಣೆ ತಪ್ಪಾಗಿದ್ದರೆ
    ಕೊನೆಗೆ ಹೋಗು
ಕೊನೆಗೆ ಹೋಗು
ಮುಂದಿನ ತಪಾಸಣೆ ಮಾಡು

ಈಗ ತಪ್ಪು ಕಣ್ಣಿಗೆ ರಾಚುತ್ತದೆ. ಓರಣ ಬರೀ ಅಂದಕ್ಕಲ್ಲ, ತಪ್ಪನ್ನು ಕಾಣಿಸಲೂ ಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಓರಣ ಮಾಡುವ ಯಂತ್ರ

ಲಕ್ಷಾಂತರ ಸಾಲುಗಳನ್ನು ಕೈಯಿಂದ ಓರಣ ಮಾಡಿದರೆ ನಮ್ಮ ಮಳೆ ಪುಸ್ತಕದ ಚುಕ್ಕೆಯಂತೆ ಏನಾದರೂ ಬಿಟ್ಟುಹೋಗುತ್ತದೆ. ಆದ್ದರಿಂದ ಈ ಕೆಲಸಕ್ಕೆಂದೇ ತಂತ್ರಾಂಶಗಳನ್ನು ಮಾಡಿದ್ದಾರೆ. ಇವುಗಳಿಗೆ ಕೋಡ್ ಫಾರ್ಮ್ಯಾಟರ್ ಎಂದು ಹೆಸರು. ಗೂಗಲ್ ಕಂಪನಿ 2009ರಲ್ಲಿ ಪ್ರಕಟಿಸಿದ ಗೋ ಎಂಬ ಭಾಷೆಯ ಜೊತೆಯಲ್ಲೇ ಗೋಫಮ್ಟ್ ಎಂಬ ಫಾರ್ಮ್ಯಾಟರ್ ಬಂತು. ಜಾವಾಸ್ಕ್ರಿಪ್ಟ್ ಭಾಷೆಗೆ ಪ್ರೆಟಿಯರ್ 2017ರಲ್ಲಿ, ಪೈಥಾನ್ ಭಾಷೆಗೆ ಬ್ಲ್ಯಾಕ್ 2018ರಲ್ಲಿ ಬಂದವು.

ಫಾರ್ಮ್ಯಾಟರ್ ಹೇಗೆ ಕೆಲಸ ಮಾಡುತ್ತದೆ? ಖಾಲಿ ಜಾಗಗಳನ್ನು ಸುಮ್ಮನೆ ಅಳಿಸುತ್ತ, ಸೇರಿಸುತ್ತ ಹೋದರೆ ಸಾಲದು. '350' ಎಂಬುದಕ್ಕೂ '35 0' ಎಂಬುದಕ್ಕೂ ವ್ಯತ್ಯಾಸವಿದೆಯಲ್ಲವೇ? ಯಾವ ಖಾಲಿ ಜಾಗಕ್ಕೆ ಅರ್ಥವಿದೆ, ಯಾವುದಕ್ಕೆ ಇಲ್ಲ ಎಂದು ತಿಳಿಯಬೇಕಾದರೆ ಅದಕ್ಕೆ ಆ ಭಾಷೆಯ ವ್ಯಾಕರಣ ಗೊತ್ತಿರಬೇಕು.

ಗಣಿತದ ಒಂದು ಉದಾಹರಣೆ ನೋಡೋಣ: 2+3×4. ಇದರ ಉತ್ತರ 20 ಅಲ್ಲ, 14. ಏಕೆಂದರೆ ಮೊದಲು 3ನ್ನು 4ರಿಂದ ಗುಣಿಸಿ, ಬಂದದ್ದಕ್ಕೆ 2ನ್ನು ಕೂಡಿಸಬೇಕು. ಇದನ್ನು ವಂಶವೃಕ್ಷದಂತೆ ಬರೆಯಬಹುದು. ಮೇಲೆ '+' ಚಿಹ್ನೆ. ಅದರ ಕೆಳಗೆ ಎರಡು ಕೊಂಬೆ: ಒಂದರಲ್ಲಿ 2, ಇನ್ನೊಂದರಲ್ಲಿ '×'. ಆ '×' ಚಿಹ್ನೆಯ ಕೆಳಗೆ ಮತ್ತೆ ಎರಡು ಕೊಂಬೆ: 3 ಮತ್ತು 4. ಈ ಮರದಲ್ಲಿ ಖಾಲಿ ಜಾಗಕ್ಕೆ ಸ್ಥಾನವೇ ಇಲ್ಲ, ಅರ್ಥಕ್ಕೆ ಮಾತ್ರ ಸ್ಥಾನ.

ಫಾರ್ಮ್ಯಾಟರ್ ಮಾಡುವುದೂ ಇದನ್ನೇ. ಮೊದಲು ಕೋಡನ್ನು ಓದಿ ಅದರ ರಚನೆಯನ್ನು ಮರದ ರೂಪದಲ್ಲಿ ಅರ್ಥಮಾಡಿಕೊಳ್ಳುತ್ತದೆ. ಆಮೇಲೆ ಆ ಮರವನ್ನು ನೋಡಿ, ತನ್ನ ನಿಯಮಗಳಂತೆ ಹೊಸದಾಗಿ ಬರೆಯುತ್ತದೆ: ಚಿಹ್ನೆಯ ಎರಡೂ ಕಡೆ ಒಂದೊಂದು ಖಾಲಿ ಜಾಗ, ಒಳಸರಿಸಲು ಇಂತಿಷ್ಟೇ ಜಾಗ, ಸಾಲು ತೀರ ಉದ್ದವಾದರೆ ಮುರಿದು ಕೆಳಗೆ. ಬ್ಲ್ಯಾಕ್ ಸಾಮಾನ್ಯವಾಗಿ ಒಂದು ಸಾಲಿಗೆ 88 ಅಕ್ಷರಗಳ ಮಿತಿ ಇಟ್ಟುಕೊಳ್ಳುತ್ತದೆ.

ಅರ್ಥ ಕೆಟ್ಟಿಲ್ಲವೆಂದು ನಂಬುವುದು ಹೇಗೆ? ಬ್ಲ್ಯಾಕ್ ಕೆಲಸ ಮುಗಿಸಿದ ಮೇಲೆ ಹೊಸ ಕೋಡಿನಿಂದ ಇನ್ನೊಮ್ಮೆ ಮರ ಕಟ್ಟುತ್ತದೆ. ಹಳೆಯ ಮರ, ಹೊಸ ಮರ ಎರಡನ್ನೂ ಹೋಲಿಸುತ್ತದೆ. ಅರ್ಥದಲ್ಲಿ ವ್ಯತ್ಯಾಸ ಕಂಡರೆ ಕಡತವನ್ನು ಬದಲಿಸದೆ ಹಾಗೆಯೇ ಬಿಡುತ್ತದೆ. 2 + 3 × 4 ಎಂದು ಬಿಡಿಸಿ ಬರೆದರೆ ಮರ ಅದೇ. ಅದೇ (2 + 3) × 4 ಎಂದಾದರೆ ಮರವೇ ಬೇರೆ, ಕೂಡಲೇ ಸಿಕ್ಕಿಬೀಳುತ್ತದೆ. ನಮ್ಮ ಮಳೆ ಪುಸ್ತಕಕ್ಕೆ ಇಲ್ಲದೇ ಹೋದದ್ದು ಈ ತಾಳೆ ನೋಡುವ ಕೆಲಸ!

ಇಲ್ಲೊಂದು ಸೂಕ್ಷ್ಮವಿದೆ. ಪೈಥಾನ್ ಭಾಷೆಯಲ್ಲಿ ಒಳಸರಿಸುವುದಕ್ಕೇ ಅರ್ಥವಿದೆ. ಒಳಸರಿದ ಸಾಲುಗಳೆಲ್ಲ ಷರತ್ತಿಗೆ ಸೇರುತ್ತವೆ. ಆದ್ದರಿಂದ ಅಲ್ಲಿ ಫಾರ್ಮ್ಯಾಟರ್ ಒಳಗಿರುವ ಸಾಲನ್ನು ಹೊರಗೆ ತರುವಂತಿಲ್ಲ, ಹೊರಗಿರುವುದನ್ನು ಒಳಗೆ ತಳ್ಳುವಂತಿಲ್ಲ. ಒಳಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಮಾತ್ರ ಒಂದೇ ಸಮ ಮಾಡಬಹುದು.

ಹದಿನೇಳು ವರ್ಷದ ಹಳೆಯ ಮನೆಗೆ ಹೊಸ ಓರಣ

ಹೊಸ ತಂತ್ರಾಂಶಕ್ಕೆ ಮೊದಲ ದಿನದಿಂದಲೇ ಫಾರ್ಮ್ಯಾಟರ್ ಬಳಸುವುದು ಸುಲಭ. ಆದರೆ ಅನೇಕ ವರ್ಷಗಳಿಂದ ನೂರಾರು ಜನ ಬರೆದಿರುವ ತಂತ್ರಾಂಶಕ್ಕೆ? ಇದಕ್ಕೆ ಜಾಂಗೋ ಒಳ್ಳೆಯ ಉದಾಹರಣೆ.

ಜಾಂಗೋ ಎಂಬುದು ಜಾಲತಾಣಗಳನ್ನು ಕಟ್ಟಲು ಬಳಸುವ, ಪೈಥಾನ್ ಭಾಷೆಯಲ್ಲಿ ಬರೆದ ತಂತ್ರಾಂಶ. ಇದು ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ. 2005ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡಲಾಯಿತು. ಅಂದಿನಿಂದ ಲೋಕದ ನಾನಾ ಕಡೆಯ ಜನ ಅದಕ್ಕೆ ಕೋಡ್ ಸೇರಿಸುತ್ತ ಬಂದಿದ್ದಾರೆ. ಇದಕ್ಕೆ ಬ್ಲ್ಯಾಕ್ ಬಳಸೋಣವೆಂದು 2019ರಲ್ಲಿ ಚರ್ಚಿಸಿ ತೀರ್ಮಾನಿಸಿದರು. ಆದರೆ ಕೂಡಲೇ ಬಳಸಲಿಲ್ಲ. ಬ್ಲ್ಯಾಕ್ ಆಗಿನ್ನೂ ಪ್ರಯೋಗದ ಹಂತದಲ್ಲಿತ್ತು. ಇಂದು ಒಂದು ನಿಯಮ, ನಾಳೆ ಇನ್ನೊಂದು ಎಂದಾದರೆ ಮತ್ತೆ ಮತ್ತೆ ಎಲ್ಲವನ್ನೂ ಬದಲಿಸಬೇಕಾಗುತ್ತದೆ. 2022ರ ಜನವರಿ ಕೊನೆಯಲ್ಲಿ ಬ್ಲ್ಯಾಕಿನ ಸ್ಥಿರ ಆವೃತ್ತಿ ಬಂತು. ಫೆಬ್ರವರಿಯಲ್ಲಿ ಜಾಂಗೋದ ಕೋಡನ್ನು ಓರಣಗೊಳಿಸಲಾಯಿತು.

ಇಂತಹ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು? ಒಂದೊಂದಾಗಿ ನೋಡೋಣ.

1. ಮೊದಲು ಎಲ್ಲರ ಒಪ್ಪಿಗೆ. ಯಾವ ನಿಯಮವೂ ಎಲ್ಲರಿಗೂ ಇಷ್ಟವಾಗುವುದಿಲ್ಲ. ಆದರೆ ನಿಯಮವೊಂದು ಗೊತ್ತಾದರೆ ದಿನವೂ ಅದರ ಬಗ್ಗೆ ವಾದ ಮಾಡುವುದು ತಪ್ಪುತ್ತದೆ. ಗೋಫಮ್ಟ್, ಬ್ಲ್ಯಾಕ್‌ನಂಥವು ಹೆಚ್ಚು ಆಯ್ಕೆಗಳನ್ನು ಕೊಡದಿರುವುದು ಇದೇ ಕಾರಣಕ್ಕೆ.

2. ತೊಡಕಿನ ಜಾಗಗಳನ್ನು ಮೊದಲೇ ಸರಿಪಡಿಸುವುದು. ಯಂತ್ರ ಓರಣ ಮಾಡಿದರೆ ಓದಲು ಕಷ್ಟವಾಗುವಂಥ ಕೆಲವು ಭಾಗಗಳು ಇರುತ್ತವೆ. ಜಾಂಗೋ ತಂಡದವರು ಅವನ್ನು ಮೊದಲೇ ಕೈಯಿಂದ ತಿದ್ದಿದರು.

3. ಓರಣವನ್ನು ಒಂದೇ ಬಾರಿಗೆ, ಬೇರೇನೂ ಬೆರೆಸದೆ ಮಾಡುವುದು. ಆ ಬದಲಾವಣೆಯಲ್ಲಿ ಒಂದೇ ಒಂದು ಹೊಸ ಲೆಕ್ಕವೂ ಸೇರಬಾರದು. ಸೇರಿದರೆ ಮತ್ತೆ ಬಣವೆಯಲ್ಲಿ ಸೂಜಿ ಹುಡುಕಬೇಕಾಗುತ್ತದೆ.

4. ಪರೀಕ್ಷೆಗಳನ್ನು ನಡೆಸುವುದು. ದೊಡ್ಡ ತಂತ್ರಾಂಶಗಳ ಜೊತೆಯಲ್ಲಿ 'ಇದನ್ನು ಕೊಟ್ಟರೆ ಇದೇ ಉತ್ತರ ಬರಬೇಕು' ಎಂಬ ಸಾವಿರಾರು ಪರೀಕ್ಷೆಗಳಿರುತ್ತವೆ. ಓರಣಕ್ಕೆ ಮೊದಲು ಬಂದ ಉತ್ತರಗಳೇ ನಂತರವೂ ಬರಬೇಕು.

5. ಅರ್ಧ ಕೆಲಸ ಮಾಡಿರುವವರನ್ನು ಮರೆಯದಿರುವುದು. ಯಾರೋ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಹಳೆಯ ಪ್ರತಿಯ ಮೇಲೆ ಕೆಲಸ ಮಾಡುತ್ತಿರುತ್ತಾರೆ. ಇತ್ತ ಮೂಲ ಕೋಡೆಲ್ಲ ಬದಲಾದರೆ ಅವರ ಬದಲಾವಣೆ ಹೊಂದದೆ ತಿಕ್ಕಾಟವಾಗುತ್ತದೆ. ಆದ್ದರಿಂದ ಮುಂಚಿತವಾಗಿ ತಿಳಿಸಬೇಕು. ಅವರೂ ತಮ್ಮ ಪ್ರತಿಗೆ ಅದೇ ಫಾರ್ಮ್ಯಾಟರ್ ಓಡಿಸಿಕೊಂಡರೆ ಹೊಂದಿಸುವುದು ಸುಲಭ.

6. ಮುಂದೆ ತಾನಾಗಿಯೇ ನಡೆಯುವಂತೆ ಮಾಡುವುದು. ಒಮ್ಮೆ ಗುಡಿಸಿದ ಅಂಗಳ ನಾಳೆಗೆ ಮತ್ತೆ ಕಸವಾಗುತ್ತದೆ. ಹೊಸ ಕೋಡನ್ನು ಉಳಿಸುವ ಮುನ್ನ ಫಾರ್ಮ್ಯಾಟರ್ ತಾನೇ ಓಡುವಂತೆ ಏರ್ಪಾಡು ಮಾಡುತ್ತಾರೆ. ಓರಣವಿಲ್ಲದ ಕೋಡ್ ಬಂದರೆ ಬಾಗಿಲಲ್ಲೇ ತಡೆಯುವ ತಪಾಸಣೆಯನ್ನೂ ಇಡುತ್ತಾರೆ.

ಅಕ್ಷರ ಯಾರದು?

ಈಗ ನಮ್ಮ ಮಳೆ ಪುಸ್ತಕದ ಎರಡನೆಯ ಸಮಸ್ಯೆಗೆ ಬರೋಣ. ಯಾವ ಸಾಲನ್ನು ಯಾರು ಬರೆದರು ಎಂದು ತಿಳಿಯುವುದು ಹೇಗೆ?

ಲಿನಸ್ ಟೊರ್ವಾಲ್ಡ್ಸ್ ಎಂಬುವರು 2005ರಲ್ಲಿ ಗಿಟ್ ಎಂಬ ತಂತ್ರಾಂಶವನ್ನು ರಚಿಸಿದರು. ಇದು ಕೋಡಿನ ಹಾಜರಿ ಪುಸ್ತಕವಿದ್ದಂತೆ. ಯಾರು, ಯಾವಾಗ, ಏನು ಬದಲಿಸಿದರು, ಏಕೆ ಎಂಬುದನ್ನೆಲ್ಲ ದಾಖಲಿಸುತ್ತದೆ. ಯಾವುದೇ ಸಾಲನ್ನು ತೋರಿಸಿ ಕೇಳಿದರೆ, ಕೊನೆಯ ಬಾರಿ ಅದನ್ನು ಮುಟ್ಟಿದವರು ಯಾರು ಎಂದು ಹೇಳುತ್ತದೆ. ತಪ್ಪು ಹೊರಿಸಲು ಮಾತ್ರವಲ್ಲ, 'ಇದನ್ನು ಹೀಗೇಕೆ ಬರೆದಿದ್ದಾರೆ' ಎಂದು ತಿಳಿಯಲು ಇದು ಬಹಳ ಉಪಯುಕ್ತ.

ಆದರೆ ಒಂದೇ ದಿನ ಎಲ್ಲ ಕಡತಗಳನ್ನೂ ಓರಣ ಮಾಡಿದರೆ ಏನಾಗುತ್ತದೆ? ಬದಲಾದ ಸಾಲುಗಳಿಗೆಲ್ಲ ಗಿಟ್ ಓರಣ ಮಾಡಿದವರ ಹೆಸರನ್ನೇ ಹೇಳುತ್ತದೆ! ಹದಿನೇಳು ವರ್ಷ ದುಡಿದವರ ಹೆಸರುಗಳು ಒಂದು ಪದರದ ಕೆಳಗೆ ಮುಚ್ಚಿಹೋಗುತ್ತವೆ. ಬಹಳ ತಂಡಗಳು ಹಳೆಯ ಕೋಡನ್ನು ಓರಣ ಮಾಡಲು ಹಿಂಜರಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

2019ರ ಆಗಸ್ಟಿನಲ್ಲಿ ಗಿಟ್‌ಗೆ ಇದಕ್ಕೊಂದು ಪರಿಹಾರ ಸೇರಿತು. 'ಈ ಬದಲಾವಣೆಗಳು ಬರೀ ಓರಣಕ್ಕಾಗಿ ಮಾಡಿದವು' ಎಂದು ಒಂದು ಕಡತದಲ್ಲಿ ಪಟ್ಟಿ ಮಾಡಿಡಬಹುದು. ಸಾಲು ಬರೆದವರು ಯಾರು ಎಂದು ಕೇಳಿದಾಗ, ಪಟ್ಟಿಯಲ್ಲಿರುವ ಬದಲಾವಣೆಯನ್ನು ದಾಟಿ ಅದರ ಹಿಂದಿನ ಹೆಸರನ್ನು ಹೇಳುವಂತೆ ಗಿಟ್‌ಗೆ ಸೂಚಿಸಬಹುದು. ಓರಣ ಮಾಡಿದ ಮೇಲೆ ಜಾಂಗೋ ತಂಡದವರೂ ಇಂತಹ ಪಟ್ಟಿ ಇಟ್ಟರು. ಹೊಸ ಪುಸ್ತಕದ ಅಂದವೂ ಸಿಕ್ಕಿತು, ಹಳೆಯ ಪುಸ್ತಕದ ಗುರುತೂ ಉಳಿಯಿತು.

ಫಾರ್ಮ್ಯಾಟರ್ ಮಾಡಲಾರದ ಕೆಲಸ

ಇಷ್ಟೆಲ್ಲ ಇದ್ದರೂ ಫಾರ್ಮ್ಯಾಟರ್ ಮಂತ್ರದಂಡವಲ್ಲ. 'ಅಂಕ 35 ಇದ್ದರೆ ಉತ್ತೀರ್ಣ' ಎಂದು ಬರೆಯುವ ಬದಲು ಯಾರಾದರೂ 53 ಎಂದು ಬರೆದರೆ ಅದು ಆ 53ನ್ನೇ ಅಂದವಾಗಿ ಜೋಡಿಸಿ ಕೊಡುತ್ತದೆ. ಆಪಲ್ ಕಂಪನಿಯ ಆ ಹೆಚ್ಚುವರಿ ಸಾಲನ್ನೂ ಅದು ಅಳಿಸುತ್ತಿರಲಿಲ್ಲ. ಸಾಲನ್ನು ಎಡಕ್ಕೆ ತಂದು ನಮ್ಮ ಕಣ್ಣಿಗೆ ಕಾಣಿಸುತ್ತಿತ್ತು, ಅಷ್ಟೆ. ಕಂಡದ್ದನ್ನು ಪ್ರಶ್ನಿಸಬೇಕಾದವರು ಮನುಷ್ಯರೇ. ದುಂಡಾದ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ತಪ್ಪು ಉತ್ತರ ಸರಿಯಾಗುವುದಿಲ್ಲವಲ್ಲ!

ಮಾಡಿ ನೋಡಿ

ತರಗತಿಯಲ್ಲಿ ಮೂರು ಗುಂಪು ಮಾಡಿಕೊಳ್ಳಿ. ಮೊದಲ ಗುಂಪಿನವರು ನಿಂಬೆಹಣ್ಣಿನ ಪಾನಕ ಮಾಡುವ ಕ್ರಮವನ್ನು ಒಬ್ಬೊಬ್ಬರು ಎರಡೆರಡು ಸಾಲಿನಂತೆ ತಮಗೆ ತೋಚಿದ ರೀತಿಯಲ್ಲಿ ಬರೆಯಲಿ. 'ಹುಳಿ ಹೆಚ್ಚಾದರೆ ಸಕ್ಕರೆ ಹಾಕು' ಎಂಬಂತಹ ಷರತ್ತುಗಳೂ ಇರಲಿ. ಎರಡನೆಯ ಗುಂಪಿನವರು ಒಂದೇ ಒಂದು ಪದವನ್ನೂ ಬದಲಿಸದೆ ಈ ನಿಯಮಗಳಂತೆ ಬರೆಯಲಿ: ಒಂದು ಸಾಲಿಗೆ ಒಂದೇ ಆದೇಶ, ಷರತ್ತಿನ ಕೆಳಗಿನ ಸಾಲು ಎರಡು ಬೆರಳಿನಷ್ಟು ಬಲಕ್ಕೆ, ಪ್ರತಿ ಸಾಲಿಗೂ ಕ್ರಮಸಂಖ್ಯೆ. ಮೂರನೆಯ ಗುಂಪಿನವರು ಎರಡೂ ಪ್ರತಿಗಳ ಪದಗಳನ್ನು ಒಂದೊಂದಾಗಿ ತಾಳೆ ನೋಡಲಿ. ಎಷ್ಟು ಪದ ಬಿಟ್ಟುಹೋಗಿದೆ? ಯಾವ ಷರತ್ತು ಯಾವ ಆದೇಶಕ್ಕೆ ಸೇರಿದ್ದು ಎಂಬ ಬಗ್ಗೆ ಜಗಳ ಬಂತೇ? ಹಳೆಯ ಪ್ರತಿಯನ್ನು ಮಾತ್ರ ಎಸೆಯಬೇಡಿ.

ಯೋಚಿಸಿ ಉತ್ತರಿಸಿ

1. ಓರಣ ಮಾಡಿದ ಕೋಡನ್ನೇ ಮತ್ತೊಮ್ಮೆ ಅದೇ ಫಾರ್ಮ್ಯಾಟರಿಗೆ ಕೊಟ್ಟರೆ ಏನಾಗಬೇಕು? ಏಕೆ?
2. (8 − 3) − 2 ಮತ್ತು 8 − (3 − 2) ಇವುಗಳ ಮರಗಳನ್ನು ಬರೆಯಿರಿ. ಅವೆರಡೂ ಒಂದೇ ಆಗಿವೆಯೇ?
3. ನಿಮ್ಮ ಶಾಲೆಯಲ್ಲಿ ಹಲವರು ಸೇರಿ ಬರೆಯುವ ಪುಸ್ತಕ ಯಾವುದು? ಅದನ್ನು ಓರಣಗೊಳಿಸುವ ಮುನ್ನ ಯಾವ ಎಚ್ಚರಿಕೆ ವಹಿಸುವಿರಿ?

ಅಂದ ಹಾಗೆ, ಆ ಶಾಲೆಯ ಮಕ್ಕಳು ಮರುವರ್ಷವೂ ಮಳೆ ಅಳೆದರು. ಈ ಸಲ ಮೊದಲ ದಿನವೇ ಪುಸ್ತಕದಲ್ಲಿ ಗೆರೆ ಹಾಕಿ ನಾಲ್ಕು ಅಂಕಣ ಮಾಡಿಕೊಂಡರು: ದಿನಾಂಕ, ಸಮಯ, ಮಳೆ ಮಿ.ಮೀ.ಗಳಲ್ಲಿ, ಅಳೆದವರ ಸಹಿ. ನಾನು ಹೋದಾಗ ನನಗೆ ಹೇಳಲು ಏನೂ ಉಳಿದಿರಲಿಲ್ಲ.